ಗಂಟೆ ಒಡೆದ ತಾತ

ಮೊನ್ನೆ ಮದ್ದೂರಿನಿಂದ ಮಳವಳ್ಳಿಗೆ ಹೋಗುವಾಗ ರಸ್ತೆ ಪಕ್ಕದ ಆಲೆಮನೆಯಿಂದ ಕಬ್ಬಿನ ಹಾಲು ಕುದಿಯುವ ವಾಸನೆ ಬಸ್ಸಿನೊಳಕ್ಕೇ ನುಗ್ಗಿತು. ಅಯ್ಯೋ, ಪಕ್ಕದ ಮನೆ ತಾತ ನೆನಪಾದರು! ನಗು ತಡೆಯಲಾಗದೆ ಒಬ್ಬಳೇ ನಕ್ಕೆ. ಕಂಡಕ್ಟರ್ ತಿರುಗಿ ನೋಡಿದ. ನೋಡಲಿ ಬಿಡಿ.

ಆಗ ನಾನು ಕಿರುಗಾವಲಿನಿಂದ ಮದುವೆಯಾಗಿ ಮಂಡ್ಯಕ್ಕೆ ಬಂದ ಹೊಸತು, ಪ್ರೈಮರಿ ಸ್ಕೂಲಿನಲ್ಲಿ ಟೀಚರ್. ಸಂಜೆ ನಾನು ಬರುವುದನ್ನೇ ತಾತ ಕಾಯುತ್ತಿದ್ದರು, ಅದೇ ಕಥೆ ಹೇಳಲು. ಕೂತು ಹೇಳಿದ್ದೇ ಇಲ್ಲ. ಪಂಚೆ ಎತ್ತಿಕಟ್ಟಿ, ನಿನ್ನೆ ತಾನೇ ನಡೆದದ್ದೇನೋ ಎಂಬ ಹಾಗೆ...

ಬ್ರಿಟಿಷರಿನ್ನೂ ದೇಶ ಬಿಟ್ಟಿರಲಿಲ್ಲ, ಮೈಸೂರಲ್ಲಿ ಮಹಾರಾಜರು. ತಾತ ಆಗ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೂಲಿ. ಜೊತೆಗಾರನೊಬ್ಬನ ಕೈ ಮೇಲೆ ಕುದಿಯುವ ಕಬ್ಬಿನ ಹಾಲು ಚೆಲ್ಲಿ ಮೊಣಕೈವರೆಗೂ ಬೆಂದುಹೋಯಿತು. ಕೈಲಾಗದವನಿಗೆ ಕೆಲಸವಿಲ್ಲ ಎಂದು ಮನೆಗೆ ಕಳಿಸಿಬಿಟ್ಟರು. ತಾತನಿಗೆ ಮೈಯೆಲ್ಲ ಉರಿದುಹೋಯಿತು. ನಟ್ಟನಡು ಪಾಳಿಯಲ್ಲಿ ಹೋಗಿ ಕೆಲಸ ಬಿಡುವ ಗಂಟೆ ಬಾರಿಸಿದರು! ಕಬ್ಬು ಅರೆಯುವ ಗಾಣ ನಿಂತಿತು, ಜನವೆಲ್ಲ ಗೇಟಿನಾಚೆ. ಅವನನ್ನು ವಾಪಸ್ ಕರೆಯುವ ತನಕ ಒಳಗೆ ಕಾಲಿಡೆವು ಅಂತ ಹಟ.

ಕೊನೆಗೆ ಸರ್ಕಾರ ವಿಚಾರಣೆಗೆಂದು ಒಬ್ಬ ಅಧಿಕಾರಿಯನ್ನು ಕಳಿಸಿತು. ನ್ಯಾಯ ಕೊಡಿಸುತ್ತೇನೆಂಬ ಅವರ ಮಾತಿಗೆ ಬೆಲೆ ಕೊಟ್ಟು ಜನ ಮತ್ತೆ ಕೆಲಸಕ್ಕಿಳಿದರು. ಜನರನ್ನು ಹೊರಗೆ ಕರೆದವನು ಯಾರು ಎಂದು ಅಧಿಕಾರಿ ಕೇಳಿದ್ದೇ ತಡ, ತಾತ ಎದೆ ತಟ್ಟಿಕೊಂಡು ನಿಂತರು.

"ಗಂಟೆ ಒಡ್ದೋನು ನಾನೇ ಸೋಮಿ!"

ಜೊತೆಯಲ್ಲಿ ಬಂದಿದ್ದ ಗುಮಾಸ್ತ ಹೊರಗಿನವನು. ಬರೆದುಕೊಂಡು ಓದಿದ: "ಕಾರ್ಖಾನೆಯ ಗಂಟೆಯನ್ನು ಒಡೆದು ಹಾಕಿರುತ್ತೇನೆ."

ತಾತ ಹೌಹಾರಿದರು. "ಒಡ್ದಿಲ್ಲ ಸೋಮಿ, ಒಡ್ದೆ!"

"ಅದನ್ನೇ ಬರೆದಿದೀನಲ್ಲಯ್ಯ."

"ಅಯ್ಯೋ, ಒಡ್ದಿಲ್ಲ ಅಂತೀನಿ! ಒಡ್ದೆ, ಒಡ್ದೆ!"

ನಮ್ಮ ಕಡೆಯವರ ನಾಲಿಗೆಗೆ 'ಹ' ಹತ್ತುವುದಿಲ್ಲವಲ್ಲ. ಹೊಡೆದದ್ದೂ ಒಂದೇ, ಒಡೆದದ್ದೂ ಒಂದೇ! ಸೊತ್ತು ಹಾಳು ಮಾಡಿದ ದೊಂಬಿ ಎಂದು ದಾಖಲಾದರೆ ಬೆಂದ ಕೈಯವನ ನ್ಯಾಯ ಅಲ್ಲಿಗೆ ಮಣ್ಣುಪಾಲು. ತಾತನಿಗೆ ಬೇರೆ ದಾರಿ ಹೊಳೆಯಲಿಲ್ಲ. ಆಫೀಸಿನಿಂದ ಎದ್ದುಬಿದ್ದು ಓಡಿ, ಗಂಟೆಯನ್ನು ಢಣಢಣ ಬಾರಿಸಿ, "ಇಂಗೆ! ಇಂಗೆ ಒಡ್ದೆ ಸೋಮಿ!" ಎಂದು ಕೂಗಿದರು. ಗಂಟೆ ಕೇಳಿದವರೆಲ್ಲ ಮತ್ತೆ ಕೆಲಸ ಬಿಟ್ಟು ಹೊರಗೆ! ಕಥೆ ಈ ಜಾಗಕ್ಕೆ ಬಂದರೆ ತಾತನಿಗೂ ನನಗೂ ನಕ್ಕು ನಕ್ಕು ಕಣ್ಣಲ್ಲಿ ನೀರು.

ಅಧಿಕಾರಿಯೂ ನಕ್ಕರಂತೆ. ಗಂಟೆ ಗಟ್ಟಿಯಾಗಿದೆ ಎಂದು ಬರೆಸಿದರು. ಜೊತೆಗಾರ ಕೆಲಸಕ್ಕೆ ಮರಳಿದ. ತಾತನ ಕೆಲಸ ಹೋಯಿತು. ಅಧಿಕಾರಿಯ ಕಣ್ಣೆದುರೇ ಬಾರಿಸಿದವನಿಗೆ ಬೇರೆ ಸಾಕ್ಷಿ ಯಾಕೆ ಬೇಕು?

"ಬೇಜಾರಾಗಲಿಲ್ವಾ ತಾತ?" ಎಂದು ಒಮ್ಮೆ ಕೇಳಿದೆ.

"ಓದ್ರೆ ಓಯ್ತು ಬುಡವ್ವ. ಅವ್ನ ಮನೇಲಿ ಒಲೆ ಉರೀತಲ್ಲ, ಸಾಕು," ಎಂದರು. ಆಮೇಲೆ ಎತ್ತಿಕಟ್ಟಿದ ಪಂಚೆ ಇಳಿಬಿಟ್ಟು, "ಆದ್ರೆ ಟೀಚ್ರಮ್ಮ, ನೀನು ಮಕ್ಳಿಗೆ ಯೋಳ್ಕೊಡವ್ವ. ಆ 'ಅ' ಬ್ಯಾರೆ, ಈ 'ಅ' ಬ್ಯಾರೆ ಅಂತ ನೆಟ್ಗೆ ಯೋಳ್ಕೊಡು."

ನಾನು ಕಿಸಕ್ಕನೆ ನಕ್ಕೆ. ಅವರು ನಗಲಿಲ್ಲ.

ತಾತ ಹೋಗಿ ಎಷ್ಟೋ ವರ್ಷವಾಯಿತು... ನಾನೂ ರಿಟೈರಾದೆ. ಚೆನ್ನಾಗಿಯೇ ಕಲಿಸಿದೆ, ತಾತ. ನಮ್ಮ ಬೀದಿಯ ಮಕ್ಕಳು ಈಗ 'ಹ' ಇದ್ದಲ್ಲಿ 'ಹ' ಎಂದೇ ಹೇಳುತ್ತಾರೆ. ಸಂಜೆ ಅವರು ಆಡುತ್ತಿರುವಾಗ ಬಾಗಿಲಲ್ಲಿ ಕೂತು ಕೇಳಿಸಿಕೊಳ್ಳುತ್ತೇನೆ, ಒಬ್ಬರಾದರೂ ತಾತನ ಹಾಗೆ 'ಅ' ಎನ್ನಬಾರದೇ ಅಂತ.