ಸಾಕ್ಸಿನೊಳಗೆ ಮಲಗಿದ್ದ ಅಕ್ಕ

ಬೀದಿಯವರಿಗೆಲ್ಲ ಅವರು ಸ್ಕ್ರೂ ಅತ್ತೆ. ತುರುಬಿಗೆ ಪಿನ್ನಿನ ಬದಲು ಪುಟ್ಟ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಓಡಾಡುವವರಿಗೆ ಇನ್ಯಾವ ಹೆಸರು ತಾನೇ ಅಂಟೀತು? ಕನ್ನಡಕದ ಕಡ್ಡಿ ಸಡಿಲಾದವರು, ಮಿಕ್ಸಿ ಕೈಕೊಟ್ಟವರು ನೇರ ಅವರ ಬಾಗಿಲಿಗೇ ಬರುತ್ತಿದ್ದರು. ಸೊಸೆಗಂತೂ ಅವರು ನಿಜಕ್ಕೂ ಅತ್ತೆಯೇ, ಗಂಡನ ತಾಯಿ.

ಅವರ ಸಂಪಾದನೆ ಕಸೂತಿಯದು. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿ ಹೊಲಿಗೆಯಂತ್ರಕ್ಕೆ ಕಳಿಸಿದರೆ ಸೂಜಿ ತಾನಾಗಿ ಓಡಿ ಬಟ್ಟೆಯ ಮೇಲೆ ಹೂವೋ ಹಕ್ಕಿಯೋ ಮೂಡಿಸುತ್ತಿತ್ತು. ಆ ಕಂಪ್ಯೂಟರನ್ನು ಅವರೇ ಜೋಡಿಸಿದ್ದರು. ಡಬ್ಬ ಒಬ್ಬರದು, ಫ್ಯಾನು ಇನ್ನೊಬ್ಬರದು, ಉಳಿದದ್ದು ಗುಜರಿಯದು. ಯಂತ್ರವನ್ನು ಮಾಡಿದ ಕಂಪನಿ ಯಾವತ್ತೋ ಬಾಗಿಲು ಹಾಕಿತ್ತು, ಅದನ್ನು ನಡೆಸುವ ತಂತ್ರಾಂಶದ ಸಿ.ಡಿ. ಗೀಚಿಹೋಗಿತ್ತು. ಡಿಸ್ಕು ಕೆಟ್ಟರೆ ಆ ತಂತ್ರಾಂಶವನ್ನು ಮತ್ತೆ ಹಾಕಲು ದಾರಿಯೇ ಇಲ್ಲ. ಅದಕ್ಕೇ ಬರೀ ಚಿತ್ರಗಳನ್ನಲ್ಲ, ಇಡೀ ಡಿಸ್ಕನ್ನೇ ಅಚ್ಚಿಳಿಸಿದಂತೆ ಇನ್ನೊಂದಕ್ಕೆ ನಕಲು ಮಾಡಿಡುತ್ತಿದ್ದರು.

ಎರಡೂ ಡಿಸ್ಕು ನೋಡಲು ಒಂದೇ ಥರ. ಹಾಗಾಗಿ ಸ್ಟಿಕರ್ ಅಂಟಿಸಿದ್ದರು. ಡಬ್ಬದೊಳಗೆ ದುಡಿಯುವವಳು ಅಕ್ಕ, ಬೀರುವಿನಲ್ಲಿ ಮಲಗುವವಳು ತಂಗಿ. ತಂಗಿಗೆ ಧೂಳು ತಾಗದಿರಲೆಂದು ಮೊಮ್ಮಗಳಿಗೆ ಚಿಕ್ಕದಾದ ಸಾಕ್ಸನ್ನು ತೊಡಿಸಿದ್ದರು. ಪ್ರತಿ ಶನಿವಾರ ಊಟವಾದ ಮೇಲೆ ಅಕ್ಕನಲ್ಲಿದ್ದದ್ದೆಲ್ಲ ತಂಗಿಗೆ ಹೋಗುತ್ತಿತ್ತು. ಆಮೇಲೆ ಅಕ್ಕನ ಕೇಬಲ್ ಕಿತ್ತು, ತಂಗಿಯೊಬ್ಬಳಿಂದಲೇ ಕಂಪ್ಯೂಟರ್ ಏಳುತ್ತದೋ ಇಲ್ಲವೋ ನೋಡುತ್ತಿದ್ದರು. “ಎಬ್ಬಿಸಿ ನೋಡದೆ ಇದ್ದದ್ದು ನಕಲೇ ಅಲ್ಲ ಕಣೇ” ಎನ್ನುವರು.

ಆ ಡಬ್ಬದ ಮುಚ್ಚಳವನ್ನು ಬೇರೆಯವರು ಮುಟ್ಟುವಂತಿರಲಿಲ್ಲ. ಈ ಶನಿವಾರ ಮಾತ್ರ ಬೇರೆ ದಾರಿ ಇರಲಿಲ್ಲ. ಹಿಂದಿನ ದಿನ ಬಚ್ಚಲಲ್ಲಿ ಜಾರಿ ಅತ್ತೆಯ ಬಲಗೈ ಮಣಿಕಟ್ಟು ಉಳುಕಿತ್ತು. ಸಂಜೆ ಬ್ಯಾಂಡ್ ಮಾಸ್ಟರು ಬರುವವರಿದ್ದರು. ಅವರ ತಂಡದ ಕೋಟುಗಳಿಗೆ ಸಿಂಹದ ಮುಖ ಬೇಕಿತ್ತು. ವಾರವಿಡೀ ಕೂತು ಅತ್ತೆ ಅದರ ಕೇಸರವನ್ನು ಎಳೆ ಎಳೆಯಾಗಿ ಬಿಡಿಸಿದ್ದರು. ಆ ಕೈಯಲ್ಲಿ ಇನ್ನೊಮ್ಮೆ ಬಿಡಿಸುವ ಮಾತೇ ಇರಲಿಲ್ಲ.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅತ್ತೆ ಕುರ್ಚಿಯಿಂದಲೇ ಅಪ್ಪಣೆ ಕೊಡತೊಡಗಿದರು. ಸೊಸೆ ಅತ್ತೆಯ ತುರುಬಿನ ಸ್ಕ್ರೂಡ್ರೈವರಿನಿಂದ ಮುಚ್ಚಳ ಬಿಚ್ಚಿ, ನೆಲದ ಮೇಲೆ ಕೂತು ಡಬ್ಬದೊಳಗೆ ತಲೆ ತೂರಿಸಿದಳು.

“ಮೆಲ್ಲಗೆ! ಅದೇನು ಹಲಸಿನಹಣ್ಣಾ, ಹಾಗೆ ಬಗೀತೀಯಲ್ಲ?”

“ನಿಮ್ಮ ಮಗ ಪಾತ್ರೆ ತೊಳೆಯೋದಕ್ಕಿಂತ ಮೆಲ್ಲಗೇ ಮಾಡ್ತಿದೀನಿ ಅತ್ತೆ.”

“ಅವನ ಸುದ್ದಿ ಬಿಡು. ಬೀರುವಿಂದ ಸಾಕ್ಸ್ ತಗೊಂಡು ಬಾ.”

ಸೊಸೆ ಸಾಕ್ಸ್ ಬಿಚ್ಚಿದಳು. “ಅತ್ತೆ, ಇದರೊಳಗೆ ಅಕ್ಕ ಇದ್ದಾಳಲ್ಲ!”

ಅತ್ತೆಯ ಗಮನವೆಲ್ಲ ಕಿವಿಯೋಲೆ ಎಳೆಯುತ್ತಿದ್ದ ಮೊಮ್ಮಗಳ ಮೇಲಿತ್ತು. “ಎಲ್ಲಿದ್ರೇನು? ಸ್ಟಿಕರ್ ಇರೋದು ಯಾತಕ್ಕೆ? ಅಕ್ಕನಿಂದ ತಂಗಿಗೆ, ಅಷ್ಟೇ. ಅಯ್ಯೋ, ಬಿಡೇ ಪುಟ್ಟಿ, ಕಿವಿ ಹರಿದೀತು!”

ಸೊಸೆ ಎರಡನ್ನೂ ಜೋಡಿಸಿದಳು. ನಕಲು ಮಾಡುವ ಪೆನ್‌ಡ್ರೈವ್ ಸಿಕ್ಕಿಸಿ, ಅತ್ತೆ ಹೇಳಿದ ಹಾಗೆಯೇ ಮೊದಲು ಅಕ್ಕ, ನಂತರ ತಂಗಿ ಎಂದು ಆರಿಸಿದಳು. ಎರಡನೆಯ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಬೇಕೇ ಎಂದು ಪರದೆ ಕೇಳಿತು. ಸೊಸೆಯ ಬೆರಳು ಗುಂಡಿಯ ಮೇಲೆ ಹೋಗಿ ಹಾಗೇ ನಿಂತಿತು.

“ಒತ್ತೇ, ಏನು ಮುಹೂರ್ತ ನೋಡ್ತಿದೀಯಾ?”

“ಅತ್ತೆ, ಬಯ್ಯಬೇಡಿ. ಅಕ್ಕ ಬೀರುವಲ್ಲಿ ಮಲಗಿದ್ರೆ, ವಾರವೆಲ್ಲ ಇಲ್ಲಿ ಕೆಲಸ ಮಾಡಿದ್ದು ಯಾರು?”

ಅತ್ತೆ ಕುರ್ಚಿಯಿಂದ ಮುಂದಕ್ಕೆ ಬಾಗಿ ಡಬ್ಬದೊಳಗೆ ಇಣುಕಿದರು. ಸೊಸೆಯೇ, “ಎಬ್ಬಿಸಿ ನೋಡೋಣ, ನೀವೇ ಹೇಳೋದಲ್ವಾ?” ಎಂದು ಕಂಪ್ಯೂಟರ್ ಆಫ್ ಮಾಡಿ, ತಂಗಿಯ ಕೇಬಲ್ ಕಿತ್ತು, ಅಕ್ಕನೊಬ್ಬಳನ್ನೇ ಎಬ್ಬಿಸಿದಳು.

ಸಿಂಹವೇನೋ ಇತ್ತು. ಆದರೆ ಬೋಳು ತಲೆ. ಕೇಸರದ ಒಂದೆಳೆಯೂ ಇಲ್ಲ, ಹಾಲು ಕದ್ದು ಸಿಕ್ಕಿಬಿದ್ದ ಬೆಕ್ಕಿನ ಮುಖ.

“ಹೋದ ಶನಿವಾರದ್ದು” ಎಂದರು ಅತ್ತೆ. ದನಿ ಇಳಿದಿತ್ತು. “ತಂಗೀನ ಎಬ್ಬಿಸಿ ನೋಡ್ತಿದ್ದೆ. ಅಷ್ಟರಲ್ಲಿ ಇವಳು ಮಂಚದಿಂದ ಬಿದ್ದು ಕಿರುಚಿದ್ಲು. ಓಡಿ ಬಂದು ಎತ್ಕೊಂಡೆ. ಆಮೇಲೆ ಇವಳನ್ನ ಸೊಂಟದ ಮೇಲಿಟ್ಕೊಂಡೇ, ಕೈಗೆ ಸಿಕ್ಕಿದ ಡಿಸ್ಕನ್ನ ಸಾಕ್ಸಿಗೆ ಹಾಕಿ ಮುಚ್ಚಳ ಮುಚ್ಚಿದೆ. ಬದಲಾಯಿಸೋದು ಮರೆತೇ ಹೋಯ್ತು.”

ಸೊಸೆಗೆ ಆ ಮಧ್ಯಾಹ್ನ ನೆನಪಾಯಿತು. ಮಗುವಿನ ಹಣೆಯ ಬುಗುಟಿಗೆ ತಣ್ಣೀರ ಬಟ್ಟೆ ಒತ್ತುತ್ತ ಅತ್ತೆಯೂ ಅತ್ತಿದ್ದರು. ಆಮೇಲೆ ಕಣ್ಣಿಗೆ ಧೂಳು ಬಿತ್ತು ಎಂದಿದ್ದರು. ಅವಳು ಅಕ್ಕನನ್ನು ಬಿಡಿಸಿ ತಂಗಿಯನ್ನು ಎಬ್ಬಿಸಿದಳು. ಪರದೆಯ ತುಂಬ ಕೇಸರ ಕೆದರಿಕೊಂಡು ಸಿಂಹ ಎದ್ದು ಬಂತು. ಮಗು ಚಪ್ಪಾಳೆ ತಟ್ಟಿತು.

“ಸದ್ಯ! ನೀನು ಒತ್ತಿದ್ದರೆ ಬ್ಯಾಂಡ್ ಮಾಸ್ಟರಿಗೆ ಬೆಕ್ಕಿನ ಕೋಟೇ ಗತಿಯಾಗ್ತಿತ್ತು.”

“ಅವರ ಮೀಸೆಗೆ ಬೆಕ್ಕೇ ಒಪ್ಪುತ್ತಿತ್ತು ಬಿಡಿ.”

ಅತ್ತೆ ನಕ್ಕರು. ನಕ್ಕಿದ್ದಕ್ಕೆ ಮಣಿಕಟ್ಟು ನೋಯಿತೆಂದು ಮತ್ತೆ ಬೈದರು. ತಂಗಿಯಿಂದ ಅಕ್ಕನಿಗೆ ನಕಲಾಯಿತು. ಸೊಸೆ ಅಕ್ಕನನ್ನೂ ಎಬ್ಬಿಸಿ, ಕೇಸರ ನೋಡಿ, ತಂಗಿಗೆ ಸಾಕ್ಸ್ ತೊಡಿಸಿ ಬೀರುವಿನಲ್ಲಿಟ್ಟಳು. ಮುಚ್ಚಳ ಹಾಕಲು ಹೋದರೆ ಸ್ಕ್ರೂಡ್ರೈವರ್ ಇಲ್ಲ. ಎಲ್ಲಿಟ್ಟೆನೆಂದು ಹುಡುಕುತ್ತಿದ್ದಾಗ, “ಇಲ್ಲಿ ಬಾ, ತಿರುಗಿ ಕೂತ್ಕೋ” ಎಂದರು ಅತ್ತೆ. ಮಗು ಚೀಪುತ್ತಿದ್ದ ಸ್ಕ್ರೂಡ್ರೈವರನ್ನು ಬಿಡಿಸಿ, ಸೆರಗಿನಿಂದ ಒರೆಸಿ, ಎಡಗೈಯಲ್ಲೇ ತಡವರಿಸುತ್ತ ಸೊಸೆಯ ಜಡೆಯನ್ನು ಸುತ್ತಿ ಸಿಕ್ಕಿಸಿದರು. ಗಂಟು ಸೊಟ್ಟಗಿತ್ತು.

“ಸೊಟ್ಟಗಿದೆ ಅತ್ತೆ.”

“ಇರ್ಲಿ. ಮುಚ್ಚಳ ನೆಟ್ಟಗೆ ಹಾಕು, ಸಾಕು.”