ಮಗಳ ಹಲ್ಲೂ ನನ್ನ ಬೆರಳೂ

ನನ್ನ ಬಲಗೈಯ ತೋರುಬೆರಳನ್ನು ನಾನೀಗ ನಂಬುವುದಿಲ್ಲ. ಮೂರು ತಿಂಗಳಿಂದ ಅದು ಬೆಳಗಾದರೆ ಸಾಕು, ಮಗಳು ಶ್ರಾವ್ಯಳ ಮುಂದಿನ ಹಲ್ಲನ್ನು ಮುಟ್ಟಿ ನೋಡಲು ಹೊರಡುತ್ತದೆ.

ಅವಳ ಸೊಟ್ಟ ಹಲ್ಲಿಗೆ ಪುತ್ತೂರಿನಲ್ಲಿ ಕ್ಲಿಪ್ ಹಾಕಿಸಿದೆವು. ಕಡಬದಿಂದ ಪದೇ ಪದೇ ಬಸ್ಸು ಹತ್ತುವ ಬೇಸರಕ್ಕೆ, "ಒಮ್ಮೆಗೇ ಸ್ವಲ್ಪ ಜೋರು ಬಿಗಿಯಿರಿ ಡಾಕ್ಟ್ರೇ" ಎಂದು ಜಾಣತನ ತೋರಿಸಿದ್ದೆ. ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು.

"ಎಂತ ಅವಸರ ಮಾರಾಯ್ರೆ? ಇವಳ ಹಲ್ಲಿಗೆ ಸುಣ್ಣದ ಅಂಶ ಸರಿ ಹಿಡಿದಿಲ್ಲ. ಜೋರು ಎಳೆದರೆ ಬೇರು ಕರಗುದುಂಟು."

ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು. ಸುಣ್ಣ ಹಿಡಿಯದ ಹಲ್ಲು ನನ್ನದೇ ಕೊಡುಗೆ; ನನ್ನವೂ ಅರಸಿನ ಬಣ್ಣದ, ಪೇರಳೆ ಕಚ್ಚಿದರೆ ಚೂರೇಳುವ ಹಲ್ಲುಗಳು. ಆಸ್ತಿ ಬರೆದುಕೊಡುವ ಮೊದಲೇ ಇದನ್ನು ಕೊಟ್ಟುಬಿಟ್ಟಿದ್ದೇನೆ.

ಹಲ್ಲೆಂದರೆ ಗೋಡೆಗೆ ಹೊಡೆದ ಮೊಳೆಯೆಂದು ತಿಳಿದಿದ್ದೆ. ಹಾಗಲ್ಲವಂತೆ. ಕ್ಲಿಪ್ಪಿನ ತಂತಿ ದೂಡಿದ ಕಡೆ ಎಲುಬು ಕರಗಿ ದಾರಿ ಬಿಡುತ್ತದೆ, ಹಲ್ಲು ಬಿಟ್ಟುಬಂದ ಕಡೆ ಹೊಸ ಎಲುಬು ತುಂಬುತ್ತದೆ. ತುಂಬಲು ಪುರುಸೊತ್ತು ಬೇಕು. ಇದನ್ನು ನನಗೆ ಇನ್ನೊಬ್ಬರು ಹೇಳಿಕೊಡಬೇಕಾಯಿತಲ್ಲ ಎಂದೇ ನಾಚಿಕೆ. ಇಪ್ಪತ್ತು ವರ್ಷದಿಂದ ರಬ್ಬರ್ ಟ್ಯಾಪಿಂಗ್ ಮಾಡುವವನು, ಮರದ ತೊಗಟೆ ಕೊಯ್ದು ಹಾಲಿಳಿಸುವವನು ನಾನು. ಕತ್ತಿ ಕೂದಲೆಳೆಯಷ್ಟು ಆಳ ಹೋದರೂ ಮರಕ್ಕೆ ಗಾಯ. ಕೊಯ್ದ ತೊಗಟೆ ಮತ್ತೆ ಬೆಳೆಯಲಿ ಎಂದು ವರ್ಷಗಟ್ಟಲೆ ಕಾಯುತ್ತೇನೆ. ಮರದ ಮುಂದೆ ಇರುವ ತಾಳ್ಮೆ ಮಗಳ ಬಾಯಿಯ ಮುಂದೆ ಮಾತ್ರ ಇಲ್ಲ.

ಕಳೆದ ವಾರ ನನ್ನ ಬೆರಳಿನಡಿ ಹಲ್ಲು ಚೆನ್ನಾಗಿಯೇ ಅಲ್ಲಾಡಿತು. ಹದಿಮೂರರ ಹುಡುಗಿ, ಮುಂದಿನ ಹಲ್ಲು, ನಾನು ಪಟ್ಟ ಅವಸರ! ಸಿಕ್ಕಿದ ಬಸ್ಸಿನಲ್ಲಿ ಪುತ್ತೂರಿಗೆ ಓಡಿದೆವು. ಹೊಸ ಎಕ್ಸ್‌ರೇ ಬರುವವರೆಗೆ ನಾನು ಬಾಗಿಲ ಬಳಿಯೇ ನಿಂತಿದ್ದೆ.

"ಬೇರು ಇದ್ದ ಹಾಗೇ ಉಂಟು" ಎಂದರು ಡಾಕ್ಟರಮ್ಮ. "ಹಲ್ಲು ಸರಿಯುವಾಗ ಸ್ವಲ್ಪ ಅಲ್ಲಾಡುದು ಸಹಜ. ಆದರೆ ಇಷ್ಟು? ನಾನು ಬಿಗಿದದ್ದು ಕಡಿಮೆ. ಮತ್ತೆ ಯಾರು ದೂಡುದು ಇದನ್ನು?"

"ಅಪ್ಪ" ಎಂದಳು ಶ್ರಾವ್ಯ. "ದಿನಾ ಬೆಳಿಗ್ಗೆ ದೂಡಿ ನೋಡುದು. ಗಟ್ಟಿ ಉಂಟಾ ಅಂತ."

ಡಾಕ್ಟರಮ್ಮ ನನ್ನನ್ನು ನೋಡಿದರು. ನಾನು ಫ್ಯಾನ್ ನೋಡಿದೆ.

ಹಿಂದಿರುಗುವ ಬಸ್ಸಿನಲ್ಲಿ, ರಾಮಕುಂಜದ ಹತ್ತಿರ ಅವಳು ಅಮ್ಮನಿಗೆ ಫೋನ್ ಮಾಡಿ, ಅಪ್ಪ ಸಿಕ್ಕಿಬಿದ್ದದ್ದನ್ನು ವರದಿ ಮಾಡಿ ನಕ್ಕಳು. ಕ್ಲಿಪ್ ಹಾಕಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕದ್ದು ಅದೇ ಮೊದಲು. ತಂತಿ ಬಿಸಿಲಿಗೆ ಹೊಳೆಯಿತು. ನನ್ನ ಬೆರಳು ತಾನಾಗಿ ಮೇಲೆದ್ದಿತು. ಅದನ್ನು ಮಡಚಿ ಮುಷ್ಟಿಯೊಳಗೆ ಸೇರಿಸಿ ಕಿಟಕಿಯ ಕಡೆ ತಿರುಗಿದೆ.

ಇನ್ನೂ ಒಂದೂವರೆ ವರ್ಷ ಬೇಕಂತೆ. ಅವಳ ಹಲ್ಲಿಗೆ ಅಷ್ಟು ಸಾಕು. ನನ್ನ ಬೆರಳಿಗೆ ಸಾಕಾದೀತೋ ಇಲ್ಲವೋ, ನೋಡಬೇಕು.