ಗಾಜಿನ ತೊಟ್ಟಿಗೆ ಒಂದು ಹಿಡಿ ಉಪ್ಪು

ಎರಡು ಸಾವಿರದ ಹದಿನಾಲ್ಕರಲ್ಲಿ ನಾನು ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಒಂದು ಫ್ಲ್ಯಾಟಿನಲ್ಲಿ ಅಡುಗೆಗೂ ಮನೆಗೆಲಸಕ್ಕೂ ಇದ್ದೆ. ಯಜಮಾನರು ಸತೀಶ್ ಸಾರ್, ಮೈಸೂರಿನವರು, ಬ್ಯಾಂಕಿನಲ್ಲಿ ಕೆಲಸ. ನನ್ನ ವೀಸಾ ಅವರ ಹೆಸರಿನ ಮೇಲಿತ್ತು. ಅವರು ಬೇಡ ಎಂದ ದಿನ ನಾನು ಊರಿಗೆ ಹೊರಡಬೇಕು. ಅಲ್ಲಿಗೆ ಹೋಗುವ ಮೊದಲು ನಾನು ಮಲ್ಪೆಯಲ್ಲಿ ಮೀನು ಮಾರಿದವಳು, ಮೀನಿಗೆ ಉಪ್ಪು ಸವರಿ ಒಣಗಿಸಿದವಳು. ಜೀವ ಇರುವ ಮೀನು ನೋಡಿಕೊಳ್ಳುವ ಕೆಲಸ ಬಂದದ್ದು ಆ ಮನೆಯಲ್ಲಿಯೇ.

ಸಾರ್ ಹಾಲಿನಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡಿಸಿದ್ದರು. ನನ್ನಷ್ಟು ಉದ್ದದ ಗಾಜಿನ ತೊಟ್ಟಿ. ಒಳಗೆ ಬಿಳಿ ಪಟ್ಟೆಯ ಕಿತ್ತಳೆ ಮೀನು ಎರಡು, ಒಂದು ಹಳದಿ ಮೀನು, ಬಸವನಹುಳಗಳು, ಹೂವಿನ ಹಾಗೆ ಅರಳುವ ಹವಳ. ವಾರಕ್ಕೊಮ್ಮೆ ಮುಸಫ್ಫಾದ ಒಂದು ಕಂಪನಿಯಿಂದ ಫೆಲಿಕ್ಸ್ ಬಂದು ತೊಳೆದು ಹೋಗುತ್ತಿದ್ದ. ಕಿನ್ನಿಗೋಳಿಯವನು, ತಲೆ ನರೆತಿತ್ತು. ಬಂದವನೇ, "ಗಿರಿಜಕ್ಕ, ಚಾ ಉಂಟಾ? ಕೆಳಗೆ ವ್ಯಾನಿನವ ಹಾರ್ನ್ ಹೊಡೀತಾನೆ" ಎನ್ನುತ್ತಿದ್ದ. ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಗಾಜು ಒರೆಸುತ್ತಿದ್ದ. ಆ ವರ್ಷ ಅವನ ವೀಸಾ ನವೀಕರಣಕ್ಕೆ ಬಂದಿತ್ತು. "ಒಂದು ಕಂಪ್ಲೇಂಟ್ ಹೋದ್ರೆ ಸಾಕು ಅಕ್ಕ, ಖಲಾಸ್. ಕಂಪನಿ ಜನ ಕಡಿಮೆ ಮಾಡ್ಲಿಕ್ಕೆ ನೆವ ಹುಡುಕ್ತಾ ಉಂಟು" ಎಂದು ನನ್ನ ಬಳಿ ಹೇಳಿದ್ದ.

ಸಮುದ್ರದ ಮೀನಿಗೆ ನೀರಿನ ಉಪ್ಪು ಒಂದು ಹದದಲ್ಲೇ ಇರಬೇಕು. ಸಾವಿರ ಪಾಲು ನೀರಿನಲ್ಲಿ ಮೂವತ್ತೈದು ಪಾಲು ಉಪ್ಪು. ಅದಕ್ಕೆ ಸ್ಯಾಲಿನಿಟಿ ಎನ್ನುತ್ತಾರೆ. ಅಳೆಯಲು ಫೆಲಿಕ್ಸ್ ಬಳಿ ಒಂದು ಪ್ಲಾಸ್ಟಿಕ್ ಡಬ್ಬಿ ಇತ್ತು, ಹೈಡ್ರೋಮೀಟರ್. ನೀರು ತುಂಬಿದರೆ ಒಳಗಿನ ಮುಳ್ಳು ತೇಲಿ ಏಳುತ್ತದೆ. ನೀರು ಉಪ್ಪಾದಷ್ಟೂ ಮುಳ್ಳು ಮೇಲಕ್ಕೆ.

ಎಸಿ ಹಗಲಿರುಳು ಓಡುವ ಮನೆ. ತೊಟ್ಟಿಯ ನೀರು ದಿನವೂ ಇಳಿಯುತ್ತಿತ್ತು. "ಇಳಿದಷ್ಟು ಸಿಹಿನೀರು ಹಾಕಿ ಅಕ್ಕ" ಎಂದು ಫೆಲಿಕ್ಸ್ ಮೊದಲ ದಿನವೇ ಹೇಳಿದ್ದ. ನನಗೆ ಕಿವಿ ಸರಿಯಾಗಿಯೇ ಇತ್ತು. ಆದರೆ ಸಮುದ್ರದ ಮೀನಿಗೆ ಸಿಹಿನೀರೇ? ನಾನು ಭರಣಿಯಲ್ಲಿ ಉಪ್ಪಿನ ಮಾವಿನಕಾಯಿ ಹಾಕಿದವಳು. ಭರಣಿಯ ನೀರು ಇಳಿದರೆ ಉಪ್ಪುನೀರನ್ನೇ ಸೇರಿಸಬೇಕು, ಸಪ್ಪೆ ನೀರು ಹೊಯ್ದರೆ ಬೂಸ್ಟು ಬರುತ್ತದೆ. ಈ ಗಂಡಸಿಗೆ ಎಂತ ಗೊತ್ತು ಎಂದುಕೊಂಡು, ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ತೊಟ್ಟಿಗೆಂದೇ ಇಟ್ಟಿದ್ದ ಉಪ್ಪಿನ ಚೀಲದಿಂದ ಒಂದು ಹಿಡಿ ತೆಗೆದು, ನೀರಿಗೆ ಕದಡಿ ಹೊಯ್ದೆ. ದಿನವೂ ಹಾಗೇ ಮಾಡಿದೆ. ಮೀನಿಗೆ ಒಳ್ಳೆಯದಾಗಲಿ ಎಂದೇ ಮಾಡಿದೆ.

ಮೊದಲು ಬಸವನಹುಳಗಳು ಸತ್ತವು. ಆಮೇಲೆ ಹವಳ ಮುದುಡಿತು. ಹಳದಿ ಮೀನು ಕಲ್ಲಿನ ಸಂದಿಗೆ ಹೋಗಿ ಕೂತು, ಬಾಯಿ ತೆರೆದು ಮುಚ್ಚಿ ಮಾಡತೊಡಗಿತು. ಫೆಲಿಕ್ಸ್ ಪ್ರತಿ ವಾರ ಡಬ್ಬಿಯಲ್ಲಿ ಅಳೆದ. ಮುಳ್ಳು ಸರಿಯಾದ ಗುರುತಿನಲ್ಲೇ ನಿಂತಿತ್ತು.

"ಗಿರಿಜಮ್ಮ, ಉಪ್ಪು ಅಳೆಯೋಕೆ ನಾವೇ ಒಂದು ಸಾಧನ ತಗೊಳ್ಳೋಣ ಬನ್ನಿ. ದಿನಾ ನೋಡೋರು ನೀವು" ಎಂದು ಸಾರ್ ನನ್ನನ್ನು ಟೂರಿಸ್ಟ್ ಕ್ಲಬ್ ಏರಿಯಾದ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯವನು ನಾಲ್ಕು ಬಗೆಯದನ್ನು ಮುಂದಿಟ್ಟ. ನೀರಿನಲ್ಲಿ ತೇಲಿಬಿಡುವ ಗಾಜಿನ ಕೊಳವೆ. ಫೆಲಿಕ್ಸನದೇ ಜಾತಿಯ ಡಬ್ಬಿ. ಬ್ಯಾಟರಿಯ ಪೆನ್ನು. ಮತ್ತೆ ಕಣ್ಣಿಗೆ ಹಿಡಿದು ನೋಡುವ ನಳಿಗೆ, ರಿಫ್ರಾಕ್ಟೋಮೀಟರ್. ಅದರ ತುದಿಯ ಗಾಜಿಗೆ ಒಂದೇ ಹನಿ ನೀರು ಬಿಟ್ಟು ಬೆಳಕಿಗೆ ಹಿಡಿದರೆ, ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಸೇರುವ ಗೆರೆ ಯಾವ ಅಂಕಿಯ ಮೇಲೋ ಅದೇ ಉಪ್ಪು.

ಸಾರ್‌ಗೆ ಪೆನ್ನಿನ ಮೇಲೆ ಕಣ್ಣು. ನಾನು ನಳಿಗೆಯನ್ನೇ ಹಿಡಿದೆ.

"ಯಾಕೆ ಗಿರಿಜಮ್ಮ, ದೂರದರ್ಶಕ ಬೇಕಾ? ಮಲ್ಪೆ ಕಾಣುತ್ತಾ ನೋಡಿ."

"ಮಲ್ಪೆ ಬೇಡ ಸಾರ್. ತೇಲುವುದನ್ನು ನಂಬಬಾರದು. ಉಪ್ಪುನೀರಿನ ಹದ ನೋಡಲಿಕ್ಕೆ ನಾವು ಮೊಟ್ಟೆ ಬಿಡ್ತೇವೆ. ಹಳೇ ಮೊಟ್ಟೆ ಆದರೆ ಉಪ್ಪು ಸಾಲದಿದ್ದರೂ ತೇಲ್ತದೆ. ಪೆನ್ನಿನ ಬ್ಯಾಟರಿ ಯಾವಾಗ ಸಾಯ್ತದೋ ನನಗೆ ತಿಳಿಯುದಿಲ್ಲ. ಇದರಲ್ಲಿ ಗೆರೆ ಉಂಟು, ಅಂಕಿ ಉಂಟು. ಅಂಕಿ ನನಗೆ ಬರ್ತದೆ."

ಆಯ್ಕೆ ಸರಿಯಾಗಿತ್ತು. ಅದೇ ಕೆಟ್ಟದ್ದು. ಅಳೆಯುವ ಸಾಮಾನನ್ನು ಅಷ್ಟು ಅನುಮಾನದಿಂದ ತಿರುಗಿಸಿ ತಿರುಗಿಸಿ ನೋಡಿದವಳು ನನ್ನ ಕೈಯನ್ನು ಒಂದು ದಿನವೂ ಅನುಮಾನಿಸಿರಲಿಲ್ಲ.

ಫೆಲಿಕ್ಸ್ ಬರುವ ದಿನ ಸಾರ್ ಮನೆಯಲ್ಲೇ ಉಳಿದರು. ಅಂಗಡಿಯವನು ಕೊಟ್ಟಿದ್ದ ಅಳತೆಯ ದ್ರಾವಣದ ಹನಿ ಬಿಟ್ಟು, ಗೆರೆ ಮೂವತ್ತೈದಕ್ಕೆ ನಿಲ್ಲುವ ಹಾಗೆ ಮೊದಲು ನಳಿಗೆಯನ್ನು ಸರಿಮಾಡಿಕೊಂಡರು. ಆಮೇಲೆ ತೊಟ್ಟಿಯ ನೀರು. ಗೆರೆ ನಲವತ್ತಾರರಲ್ಲಿ ನಿಂತಿತು. ಫೆಲಿಕ್ಸನ ಡಬ್ಬಿಯನ್ನು ಬೆಳಕಿಗೆ ಹಿಡಿದಾಗ ಮುಳ್ಳಿನ ಮೇಲೆ ಒಣಗಿದ ಉಪ್ಪಿನ ಬಿಳಿ ಪದರ ಕಂಡಿತು. ಆ ಭಾರಕ್ಕೆ ಮುಳ್ಳು ಏಳದೆ ಕೆಳಗೇ ನಿಲ್ಲುತ್ತಿತ್ತು. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದಿಡಬೇಕಿತ್ತು. ವ್ಯಾನಿನ ಅವಸರದಲ್ಲಿ ಅವನು ಹಾಗೇ ಇಟ್ಟು ಹೋಗುತ್ತಿದ್ದ.

ಫೆಲಿಕ್ಸ್ ಡಬ್ಬಿಯನ್ನು ಕೈಗೆ ತೆಗೆದುಕೊಂಡು ನೋಡಿದ. "ಮುಳ್ಳು ತೊಳೆಯದ್ದು ನನ್ನ ತಪ್ಪು ಸಾರ್. ಆದರೆ ಉಪ್ಪು ಇಷ್ಟು ಏರಿದ್ದು ಹೇಗೆ? ಆವಿಯಾಗಿ ಹೋಗೂದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಇರ್ತದೆ. ಅಕ್ಕ, ಸಿಹಿನೀರೇ ಹಾಕಿದ್ದಲ್ವಾ?"

ಆಗ ನನಗೆ ಅರ್ಥವಾಯಿತು. "ಇಲ್ಲ. ದಿನಾ ಒಂದು ಹಿಡಿ ಉಪ್ಪು ಕದಡಿಯೇ ಹಾಕಿದ್ದು" ಎಂದೆ.

ಸಾರ್ ನಕ್ಕರು. "ನಿಮ್ಮ ಕಡೆಯವನು ಅಂತ ತಪ್ಪನ್ನ ತಲೆ ಮೇಲೆ ಹಾಕ್ಕೋಬೇಡಿ ಗಿರಿಜಮ್ಮ. ಒಂದು ಹಿಡಿ ಉಪ್ಪಿಗೆ ಇಷ್ಟು ದೊಡ್ಡ ಟ್ಯಾಂಕ್ ಕೆಡುತ್ತಾ? ಈ ಡಬ್ಬ ನೋಡಿದ್ರೆ ಗೊತ್ತಾಗಲ್ವಾ?" ಡಬ್ಬಿಯ ಫೋಟೋ ತೆಗೆದು ಆಗಲೇ ಕಂಪನಿಗೆ ಕಳಿಸಿದರು.

ಒಂದು ಹಿಡಿ ಅಲ್ಲ ಸಾರ್, ಎಷ್ಟೋ ದಿನದ ಹಿಡಿಗಳು ಎಂದು ನಾನು ಹೇಳಬೇಕಿತ್ತು. ಚೀಲ ಎಷ್ಟು ಇಳಿದಿದೆ ಎಂದು ತೆಗೆದು ತೋರಿಸಬೇಕಿತ್ತು. ಅವರು ನಂಬಲಿಲ್ಲ ಎಂದಾಗ ನನ್ನ ಎದೆ ಹಗುರವಾದದ್ದು ನಿಜ. ಅಡುಗೆಮನೆಗೆ ಹೋಗಿ ಸೊಪ್ಪು ಹೆಚ್ಚಿದೆ.

ಫೆಲಿಕ್ಸ್ ಹೋಗುವ ಮುಂಚೆ ಅಡುಗೆಮನೆಯ ಬಾಗಿಲಿಗೆ ಬಂದ. "ಉಪ್ಪು ಒಮ್ಮೆಲೇ ಇಳಿಸಬೇಡಿ ಅಕ್ಕ, ಮೀನು ಸಾಯ್ತದೆ. ದಿನಕ್ಕೆ ಒಂದು ಬಾಲ್ದಿ ತೆಗೀರಿ, ಒಂದು ಬಾಲ್ದಿ ಸಿಹಿನೀರು ನಿಧಾನ ಹಾಕಿ. ಆ ನಳಿಗೆಯಲ್ಲಿ ದಿನಾ ನೋಡಿ." ಅವನು ಹೇಳಿದ ಹಾಗೆಯೇ ಮಾಡಿದೆ. ಗೆರೆ ದಿನದಿನವೂ ಇಳಿಯಿತು. ಹಳದಿ ಮೀನು ಸಂದಿಯಿಂದ ಹೊರಗೆ ಬಂತು.

ಕಂಪನಿ ಅವನ ವೀಸಾ ನವೀಕರಿಸಲಿಲ್ಲ. ಊರಿಗೆ ಹೋಗುವ ಮೊದಲು, ಕಪಾಟಿನಲ್ಲಿ ಉಳಿದಿದ್ದ ತನ್ನ ಬ್ರಷ್ಷು, ಪೈಪುಗಳನ್ನು ಒಯ್ಯಲು ಅವನು ಬಂದ. ಸಾರ್ ಆಫೀಸಿನಲ್ಲಿದ್ದರು. ಚಾ ಕೊಟ್ಟೆ. ಕೆಳಗೆ ಹಾರ್ನ್ ಇರಲಿಲ್ಲ, ಅವನು ಬಸ್ಸಿನಲ್ಲಿ ಬಂದಿದ್ದ. ಕೂತು ಕುಡಿದ.

"ಸಾರ್‌ಗೆ ಇನ್ನೊಮ್ಮೆ ಹೇಳ್ಲಾ ಫೆಲಿಕ್ಸ್?" ಎಂದು ಕೇಳಿದೆ.

"ಎಂತಕ್ಕೆ? ಇಬ್ಬರೂ ಒಂದೇ ವಿಮಾನದಲ್ಲಿ ಹೋಗ್ಲಿಕ್ಕಾ? ಕಿಟಕಿ ಸೀಟು ನನಗೆ ಬೇಕು" ಎಂದು ನಕ್ಕ. ನಕ್ಕವನು ತೊಟ್ಟಿಯ ಹತ್ತಿರ ಹೋಗಿ, ಗಾಜಿಗೆ ಮೂಗು ತಾಗಿಸಿ, ಹಳದಿ ಮೀನನ್ನು ತುಂಬಾ ಹೊತ್ತು ನೋಡಿದ. "ಹೊಟ್ಟೆ ತುಂಬಿದೆ ಇದಕ್ಕೆ" ಎಂದ. ಹೊರಟುಹೋದ.

ಅವನು ಬೇಡ ಎಂದದ್ದಕ್ಕೆ ಸುಮ್ಮನಾದೆ ಎಂದು ನಾನು ಹೇಳಿಕೊಳ್ಳಬಹುದು. ಅದು ಸುಳ್ಳು. ಬೇಡ ಎನ್ನಲಿ ಎಂದೇ ಕೇಳಿದ್ದೆ.

ಮತ್ತೆ ಮೂರು ವರ್ಷ ನಾನು ಆ ಮನೆಯಲ್ಲಿದ್ದೆ. ಬೆಳಗ್ಗೆ ಒಂದು ಹನಿ ಬಿಟ್ಟು ನಳಿಗೆಯಲ್ಲಿ ನೋಡುವುದು, ಮೂವತ್ತೈದು ಎಂದು ಹೇಳುವುದು. "ಗಿರಿಜಮ್ಮ ಇರೋದ್ರಿಂದ ಮೀನು ಉಳೀತು" ಎಂದು ಸಾರ್ ಬಂದವರಿಗೆಲ್ಲ ತೋರಿಸುತ್ತಿದ್ದರು. ನಾನು ತಲೆ ತಗ್ಗಿಸಿ ಚಾ ಇಡುತ್ತಿದ್ದೆ. ನಾಚಿಕೆ ಎಂದು ಅವರು ತಿಳಿದರು.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಒಳ್ಳೆಯ ಸಾಧನ ನೀರಿನಲ್ಲಿ ಎಷ್ಟು ಉಪ್ಪಿದೆ ಎಂದು ಸರಿಯಾಗಿ ಹೇಳುತ್ತದೆ. ಹಾಕಿದವರು ಯಾರು ಎಂದು ಹೇಳುವುದಿಲ್ಲ. ಅದನ್ನು ಹಾಕಿದವರೇ ಹೇಳಬೇಕು, ಕೇಳುವವರು ನಂಬುವ ತನಕ ಹೇಳಬೇಕು. ನಾನು ಒಂದು ಸಲ ಹೇಳಿ ಸೊಪ್ಪು ಹೆಚ್ಚಲು ಹೋದೆ.